ಮುದುಕಿ ಸಾಯಬೇಕು ಎಂದು ಬರೆದವಳು

ದಾವಣಗೆರೆಯ ಪಂಕಜಾ ಬ್ಯಾಂಕಿನ ಕೆಲಸಕ್ಕೆ ಸೇರಿದ ಮೇಲೆ ಹದಿನಾಲ್ಕು ವರ್ಷ ವಿಜಯವಾಡದಲ್ಲೇ ಕಳೆದಳು. ಗಂಡ ಬಾಲಚಂದ್ರ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕಂಪನಿಯೊಂದರ ಸೂಪರ್‌ವೈಸರ್. ಭವಾನಿಪುರಂನಲ್ಲಿ ಬಾಡಿಗೆ ಮನೆ, ಒಬ್ಬಳೇ ಮಗಳು ತನುಶ್ರೀ. ಏಳೆಂಟು ವರ್ಷದವಳಿದ್ದಾಗ ಆ ಊರಿಗೆ ಬಂದ ತನುಶ್ರೀ ತೆಲುಗಿನಲ್ಲಿ ಆಡಿ, ತೆಲುಗಿನಲ್ಲಿ ಜಗಳವಾಡಿ, ತೆಲುಗಿನಲ್ಲೇ ಓದಿ ಬೆಳೆದಳು. ಕನ್ನಡ ಅವಳಿಗೆ ಊಟಕ್ಕೆ ಕೂತಾಗ ಬೇಕಾಗುವ ಭಾಷೆ. ಪಂಕಜಾಗೆ ಬಡ್ತಿ ಬಂತು, ಜೊತೆಗೇ ವಿಶಾಖಪಟ್ಟಣಕ್ಕೆ ವರ್ಗವೂ ಆಯಿತು. ಮಗಳು ಎಂ.ಕಾಂ. ಓದುತ್ತಿದ್ದುದರಿಂದ ಅಪ್ಪನ ಬಳಿಯೇ ಉಳಿದಳು. ಪಂಕಜಾ ಅಲ್ಲಿ ಸಮುದ್ರಕ್ಕೆ ಹತ್ತಿರದ ಎಂವಿಪಿ ಕಾಲೋನಿಯಲ್ಲಿ ಒಂದು ಸಣ್ಣ ಫ್ಲ್ಯಾಟ್ ಹಿಡಿದಳು.

ಅವಳು ಹುಡುಗಿಯಾಗಿದ್ದಾಗ ಓದಿನ ಹುಚ್ಚಿನವಳು. ಬಾಡಿಗೆ ಲೈಬ್ರರಿಯಿಂದ ದೆವ್ವದ ಪ್ರೇಮಕಥೆಗಳನ್ನು ತಂದು, ಸಮಾಜಶಾಸ್ತ್ರದ ಪುಸ್ತಕದೊಳಗೆ ಇಟ್ಟುಕೊಂಡು ಓದುತ್ತಿದ್ದಳು. ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಿದ್ದಳು. ದೊಡ್ಡವಳಾದ ಮೇಲೆ ಆ ರುಚಿ ಹೋಯಿತು, ಅಂಕ ಹಾಕುವ ಅಭ್ಯಾಸ ಮಾತ್ರ ಉಳಿಯಿತು. ಬ್ಯಾಂಕಿನ ಸಿಬ್ಬಂದಿ ಪತ್ರಿಕೆಯ ಕನ್ನಡ ಕಥಾಸ್ಪರ್ಧೆಗೆ ಮೂರು ವರ್ಷ ಅವಳೇ ತೀರ್ಪುಗಾರ್ತಿ. ಸತ್ತವರು ಎದ್ದು ಬರುವ ಕಥೆಗಳನ್ನೆಲ್ಲ ಮೊದಲ ಸುತ್ತಿನಲ್ಲೇ ಪಕ್ಕಕ್ಕಿಡುತ್ತಿದ್ದಳು. ಮುಂದೇನು ಎಂದು ತೋಚದ ಬರಹಗಾರ ಸತ್ತವರನ್ನು ಕರೆತರುತ್ತಾನೆ ಎಂದು ಒಮ್ಮೆ ತೀರ್ಪಿನ ಟಿಪ್ಪಣಿಯಲ್ಲಿ ಬರೆದೂ ಇದ್ದಳು.

ವರ್ಗವಾಗಿ ಬಂದ ಮರುವರ್ಷ ಜೂನ್ ತಿಂಗಳಲ್ಲಿ ಮಗಳು ಫೋನು ಮಾಡಿ, ಸೂರ್ಯಪ್ರಕಾಶ ಎಂಬ ಹುಡುಗನನ್ನು ಒಮ್ಮೆ ನೋಡಬೇಕು ಎಂದಳು. ವಿಜಯವಾಡದ ಹತ್ತಿರದ ಕೊಂಡಪಲ್ಲಿಯ ಹುಡುಗ. ತಂದೆ ಇಲ್ಲ, ತಾಯಿ ಮರದ ಬೊಂಬೆಗಳಿಗೆ ಬಣ್ಣ ಹಚ್ಚುತ್ತಾಳೆ. ಡಿಗ್ರಿ ಮುಗಿಸಿ ವಿಶಾಖಪಟ್ಟಣದ ಪಕ್ಕದ ಪರವಾಡದ ಔಷಧಿ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಮಿಸ್ಟ್ ಆಗಿದ್ದ. ಒಂದು ಭಾನುವಾರ ಅವನೇ ಎಂವಿಪಿ ಕಾಲೋನಿಗೆ ಬಂದ. ಪಂಕಜಾ ಅವನನ್ನು ಕೂರಿಸಿ, ಕಾಫಿ ತಂದು ಮುಂದಿಟ್ಟಳು. ತಗೋ ಅನ್ನಲಿಲ್ಲ. ಹುಡುಗ ಅವಳ ಮಾತೆಲ್ಲ ಮುಗಿಯುವವರೆಗೂ ಲೋಟ ಮುಟ್ಟದೆ ಕೂತಿದ್ದ.

ಅವಳು ಕೆಟ್ಟ ಮಾತೇನೂ ಆಡಲಿಲ್ಲ. ತನುಶ್ರೀಯ ಪರೀಕ್ಷೆ ಮುಗಿದು ಫಲಿತಾಂಶ ಬರಲಿ, ಅಲ್ಲಿಯವರೆಗೆ ಫೋನೂ ಬೇಡ, ಮೆಸೇಜೂ ಬೇಡ, ಆಮೇಲೆ ದೊಡ್ಡವರು ಕೂತು ಮಾತಾಡೋಣ ಎಂದಳು. ಆರು ತಿಂಗಳಲ್ಲಿ ಹುಡುಗರ ಮನಸ್ಸು ಬದಲಾಗುತ್ತದೆ ಎಂಬ ಲೆಕ್ಕ ಅವಳ ಒಳಗಿತ್ತು. ಜಾತಿ ಬೇರೆ, ಭಾಷೆ ಬೇರೆ ಎಂಬುದೂ ಇತ್ತು. ಅದನ್ನು ಅವಳು ತನಗೆ ತಾನೇ ಒಪ್ಪಿಕೊಂಡದ್ದು ಬಹಳ ತಡವಾಗಿ. ಹುಡುಗ ಮಾತು ಕೊಟ್ಟ. ಆ ಸಂಜೆ ಕೊನೆಯ ಸಲ ತನುಶ್ರೀಗೆ ಫೋನು ಮಾಡಿ, ನಡೆದದ್ದನ್ನೆಲ್ಲ ಹೇಳಿ, ಆರು ತಿಂಗಳು ತಾನೇ ಎಂದು ನಕ್ಕನಂತೆ.

ಆಗಸ್ಟಿನಲ್ಲಿ ಅವನಿಗೆ ಡೆಂಗಿ ಜ್ವರ ಬಂತು. ಐದನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಆ ಹುಡುಗಿಗೆ ಫೋನು ಮಾಡು ಎಂದು ಅವನ ರೂಮಿನ ಗೆಳೆಯ ಎರಡು ಸಲ ಹೇಳಿದ್ದ. ಅವಳಿಗೆ ಪರೀಕ್ಷೆ ಇದೆ, ಅವರ ಅಮ್ಮನಿಗೆ ಮಾತು ಕೊಟ್ಟಿದ್ದೇನೆ ಎಂದು ಇವನು ಬೇಡ ಅಂದನಂತೆ. ಅದೇ ಗೆಳೆಯ ನಾಲ್ಕು ದಿನ ಕಳೆದ ಮೇಲೆ ತನುಶ್ರೀಗೆ ಸುದ್ದಿ ಮುಟ್ಟಿಸಿದ.

ಅವಳು ಬ್ರಾಂಚಿಗೆ ಫೋನು ಮಾಡಿದಳು. ಅಳುತ್ತಿರಲಿಲ್ಲ. "ಅವನು ನಿನಗೆ ಕೊಟ್ಟ ಮಾತು ಉಳಿಸ್ಕೊಂಡ, ಅಮ್ಮಾ," ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಆಮೇಲೆ ಹದಿನಾಲ್ಕು ತಿಂಗಳು ತಾಯಿಯ ಜೊತೆ ಮಾತಿಲ್ಲ. ಪಂಕಜಾ ವಿಜಯವಾಡಕ್ಕೆ ಹೋದಾಗಲೆಲ್ಲ ಮಗಳ ಕೋಣೆಯ ಬಾಗಿಲು ಹಾಕಿರುತ್ತಿತ್ತು. ಪರೀಕ್ಷೆಯನ್ನು ಅರ್ಧಕ್ಕೇ ಬಿಟ್ಟಿದ್ದಳು. ಈಗ ಬಿಟ್ಟ ಪೇಪರುಗಳಿಗಾಗಿ ಮತ್ತೆ ಕಾಲೇಜಿಗೆ ಹೋಗುತ್ತಾಳೆ, ಬರುತ್ತಾಳೆ, ಎರಡು ತುತ್ತು ತಿನ್ನುತ್ತಾಳೆ ಎಂದು ಬಾಲಚಂದ್ರ ಹೇಳುತ್ತಿದ್ದ.

ವಿಶಾಖಪಟ್ಟಣದ ಬ್ರಾಂಚಿನಲ್ಲಿ ಹೇಮಾಕ್ಷಿ ಎಂಬ ಕ್ಲರ್ಕ್ ಇದ್ದಳು. ತೆಲುಗಿನ ಹುಡುಗಿ, ಫೋನಿನಲ್ಲಿ ಬರುವ ಧಾರಾವಾಹಿ ಕಥೆಗಳೆಂದರೆ ಪ್ರಾಣ. ಪ್ರತಿ ಗುರುವಾರ ಮಧ್ಯಾಹ್ನ ಟಿಫಿನ್ ಡಬ್ಬಿ ಬಿಚ್ಚಿದ ಕೂಡಲೇ ಹಿಂದಿನ ಸಂಜೆ ಬಂದ ಕಂತನ್ನು ಎಲ್ಲರಿಗೂ ಹೇಳುವಳು. ಆಗ ಅವಳು ಓದುತ್ತಿದ್ದ ಕಥೆಯ ಹೆಸರು 'ಪಿಲವನಿ ವಾಡು'. ಕರೆಯದವನು ಎಂದೂ ಆಗುತ್ತದೆ, ಯಾರೂ ಕರೆಯದೆ ಬಂದವನು ಎಂದೂ ಆಗುತ್ತದೆ. ಸರಯು ಎಂಬ ಹುಡುಗಿಯ ಪ್ರಿಯಕರ ವಂಶಿ ಸತ್ತಿದ್ದಾನೆ. ಪ್ರತಿ ಸಂಜೆ ಕೃಷ್ಣಾ ನದಿಯ ಮೆಟ್ಟಿಲ ಮೇಲೆ ಬಂದು ಕೂರುತ್ತಾನೆ. ಮುಟ್ಟುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಸಮುದ್ರದ ಪಕ್ಕದ ಮನೆಯ ಮುದುಕಿಯೊಬ್ಬಳು, ಅವನು ಬದುಕಿದ್ದಾಗಲೇ, ಅವನ ಮಾತನ್ನು ತೆಗೆದು ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಾಳೆ.

ಪಂಕಜಾ ನಗುತ್ತ ಮೊಸರನ್ನ ಕಲೆಸುತ್ತಿದ್ದಳು. ಹೇಮಾಕ್ಷಿ ಹಿಂದಿನ ಕಂತನ್ನು ಹೇಳುತ್ತ ಹೋದಳು. ಮುದುಕಿ ವಂಶಿಯನ್ನು ಕೂರಿಸಿದಳು, ಕಾಫಿ ತಂದು ಮುಂದಿಟ್ಟಳು, ಕುಡಿ ಅನ್ನಲಿಲ್ಲ; ಹುಡುಗ ಅದು ಆರುವುದನ್ನೇ ನೋಡುತ್ತ ಕೂತಿದ್ದ. "ಎಷ್ಟು ಕಲ್ಲು ಮನಸ್ಸು ನೋಡಿ ಮೇಡಂ," ಎಂದು ಹೇಮಾಕ್ಷಿ ಕಣ್ಣೊರೆಸಿಕೊಂಡಳು. ಪಂಕಜಾ ಎದ್ದು ಹೋಗಿ ಕೈ ತೊಳೆದಳು. ಡಬ್ಬಿಯಲ್ಲಿದ್ದ ಅನ್ನ ಹಾಗೇ ಇತ್ತು.

ಅಂದೇ ಆ ಆ್ಯಪನ್ನು ತನ್ನ ಫೋನಿಗೆ ಹಾಕಿಕೊಂಡಳು. ಬರೆದವರ ಹೆಸರಿನ ಜಾಗದಲ್ಲಿ 'ಆವಲಿ ಗಟ್ಟು' ಎಂದಿತ್ತು, ಅಂದರೆ ಆಚೆ ದಡ. ತೆಲುಗು ಅಕ್ಷರ ಅವಳಿಗೆ ಓದಲು ಬರುತ್ತಿತ್ತು, ಆದರೆ ನಿಧಾನ. ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ಭಾನುವಾರ ಮಧ್ಯಾಹ್ನವಿಡೀ ಓದಿದಳು. ಮೂರು ದಿನದಲ್ಲಿ ಹನ್ನೊಂದು ಕಂತು ಮುಗಿಯಿತು. ಮಗಳದೇ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಇನ್ನೊಂದು ಸಂಗತಿಯೂ ಅವಳನ್ನು ಕುಟುಕಿತು. ಕಥೆ ಚೆನ್ನಾಗಿತ್ತು. ಪಕ್ಕಕ್ಕಿಡುವ ಹಾಗಿರಲಿಲ್ಲ. ದೆವ್ವ ಹೆದರಿಸುತ್ತಿರಲಿಲ್ಲ, ಸುಮ್ಮನೆ ಕೂತಿರುತ್ತಿತ್ತು. ಹುಡುಗಿ ಅದಕ್ಕೆ ದಿನದ ವರದಿ ಒಪ್ಪಿಸುತ್ತಿದ್ದಳು. ಹತ್ತಕ್ಕೆ ಎಂಟೂವರೆ ಎಂದು ಪಂಕಜಾಳ ಮನಸ್ಸು ತಾನಾಗಿಯೇ ಅಂಕ ಹಾಕಿತು. ಹಾಕಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಕಥೆಯ ಕೆಳಗೆ ಓದುಗರ ಅಭಿಪ್ರಾಯಗಳಿದ್ದವು, ನೂರಾರು. ಮುದುಕಿಯನ್ನು ಬಿಡಬೇಡಿ, ವಂಶಿ ಅವಳ ಕತ್ತು ಹಿಸುಕಲಿ, ಅವಳು ಹುಳ ಬಿದ್ದು ಸಾಯಲಿ. ಪಂಕಜಾ ಒಂದನ್ನೂ ಬಿಡದೆ ಓದಿದಳು. ಆಮೇಲೆ 'ಒಕ ಪಾಠಕುರಾಲು', ಅಂದರೆ ಒಬ್ಬ ಓದುಗಾರ್ತಿ, ಎಂಬ ಹೆಸರಿಟ್ಟುಕೊಂಡು ತಾನೂ ಬರೆದಳು. ನದಿಯ ವರ್ಣನೆ ಚೆನ್ನಾಗಿದೆ, ಆರನೇ ಕಂತು ಉದ್ದವಾಯಿತು ಎಂದು ಶುರು ಮಾಡಿದಳು. ಎರಡು ದಿನ ಬಿಟ್ಟು ಉತ್ತರ ಬಂತು. ಆರನೇ ಕಂತಿನ ಬಗ್ಗೆ ನೀವು ಹೇಳಿದ್ದು ಸರಿ ಎಂದಿತ್ತು. ಮಗಳಿಂದ ಒಂದು ವರ್ಷದ ಮೇಲೆ ಬಂದ ಮಾತು ಅದು. ಪಂಕಜಾ ಬಸ್ಸಿನಲ್ಲಿ ಕೂತು ಅದನ್ನೇ ಎಷ್ಟೋ ಸಲ ಓದಿದಳು, ಇಳಿಯುವ ಸ್ಟಾಪು ದಾಟಿಹೋಯಿತು.

ಅಲ್ಲಿಂದ ಎಂಟು ವಾರ ಹೀಗೇ ನಡೆಯಿತು. ಗುರುವಾರ ಅವಳು ಬರೆಯುವಳು, ಶನಿವಾರದೊಳಗೆ ಉತ್ತರ ಬರುವುದು. ಮುದುಕಿಯ ವಿಷಯ ಇಬ್ಬರೂ ಎತ್ತಲಿಲ್ಲ.

ಹತ್ತೊಂಬತ್ತನೆಯ ಕಂತಿನಲ್ಲಿ ಸರಯು ಒಂದು ತೀರ್ಮಾನಕ್ಕೆ ಬಂದಳು. ಈ ದಡದಲ್ಲಿ ಅವನಿಗೆ ಮಾತಿಲ್ಲ, ಆ ದಡದಲ್ಲಿ ಮಾತೇ ಬೇಕಾಗಿಲ್ಲ. ಕಾರ್ತಿಕ ಹುಣ್ಣಿಮೆಯ ದಿನ ದೀಪ ಬಿಡಲು ನದಿಗಿಳಿಯುತ್ತೇನೆ, ತಿರುಗಿ ಬರುವುದಿಲ್ಲ. ಕೊನೆಯ ಕಂತು ಮುಂದಿನ ಬುಧವಾರ ಸಂಜೆ ಆರಕ್ಕೆ ಎಂದು ಕೆಳಗೆ ಬರೆದಿತ್ತು. ಪಂಕಜಾ ಕ್ಯಾಲೆಂಡರ್ ನೋಡಿದಳು. ಕಾರ್ತಿಕ ಹುಣ್ಣಿಮೆ ಬುಧವಾರವೇ.

ಓದುಗರು ಹಿಗ್ಗಿದ್ದರು. ಇಬ್ಬರೂ ಒಂದಾಗಲಿ, ಇದೇ ನಿಜವಾದ ಪ್ರೀತಿ, ಐದಕ್ಕೆ ಐದು ನಕ್ಷತ್ರ. ಇಂಥ ಕಥೆಗಳಿಗೆ ಎರಡೇ ಮುಗಿತಾಯ ಎಂಬುದು ಪಂಕಜಾಗೆ ಹದಿನಾರನೇ ವಯಸ್ಸಿನಿಂದ ಗೊತ್ತಿತ್ತು. ಒಂದೋ ದೆವ್ವ ಸೇಡು ತೀರಿಸಿಕೊಳ್ಳಬೇಕು, ಇಲ್ಲ ಬದುಕಿದವಳು ಅದರ ಹಿಂದೆ ಹೋಗಬೇಕು. ಆ ಶುಕ್ರವಾರ ಅವಳು ಬ್ರಾಂಚಿನ ಸ್ಟೇಷನರಿ ಕೋಣೆಯಲ್ಲಿ ನಿಂತು ಉದ್ದನೆಯ ಅಭಿಪ್ರಾಯ ಬರೆದಳು. ತಪ್ಪು ಮಾಡಿದವಳು ಮುದುಕಿ. ಶಿಕ್ಷೆ ಸರಯುಗೆ ಯಾಕೆ? ಕಥೆಗೆ ನ್ಯಾಯ ಬೇಕಾದರೆ ಮುದುಕಿ ಸಾಯಬೇಕು. ವಂಶಿ ಅವಳ ಮನೆಗೆ ಹೋಗಲಿ, ಅವಳೇ ಬಾಗಿಲು ತೆಗೆಯುತ್ತಾಳೆ, ತಪ್ಪಿಸಿಕೊಳ್ಳುವುದಿಲ್ಲ. ಅವಳನ್ನು ಹೇಗೆ ಬೇಕಾದರೂ ಕೊಲ್ಲಿಸಿ. ಸರಯುವನ್ನು ಮನೆಗೆ ಕಳಿಸಿ.

ಸೋಮವಾರ ಉತ್ತರ ಬಂತು: "ಮುದುಕಿ ಸತ್ತರೆ ಕಥೆ ಅವಳದಾಗುತ್ತದೆ. ಇದು ಅವಳ ಕಥೆಯಲ್ಲ."

ಪಂಕಜಾ ಬಾಲಚಂದ್ರನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಅವನು ಮಗಳನ್ನೇ ಕೇಳಿದ. ಕಥೆ ಅಪ್ಪಾ, ಬರೀ ಕಥೆ ಎಂದು ಅವಳು ಹೇಳಿದಳಂತೆ. ಅವನು ಅದನ್ನು ನಂಬಿದ. "ನೀನು ಅಲ್ಲಿ ಒಬ್ಳೇ ಕೂತು ಏನೇನೋ ಯೋಚ್ನೆ ಮಾಡ್ತೀಯ ಕಣೆ. ದಿನಾ ನೋಡೋನು ನಾನು," ಎಂದ. ಅವಳು ಬುಧವಾರಕ್ಕೆ ರಜೆ ಬರೆದುಕೊಟ್ಟು ಬೆಳಗಿನ ರೈಲು ಹತ್ತಿದಳು. ಆರೇಳು ಗಂಟೆಯ ದಾರಿ, ಕೂರಲು ಜಾಗವಿರಲಿಲ್ಲ. ರಾಜಮಂಡ್ರಿಯ ಸೇತುವೆಯ ಮೇಲೆ ರೈಲು ನಿಧಾನವಾದಾಗ ಕೆಳಗೆ ಗೋದಾವರಿಯಲ್ಲಿ ಹೆಂಗಸರು ತಲೆ ಮುಳುಗಿಸಿ ಏಳುತ್ತಿದ್ದರು. ಅವಳು ಮುಖ ತಿರುಗಿಸಿಕೊಂಡಳು.

ಭವಾನಿಪುರಂನ ಮನೆಗೆ ಬೀಗವಿತ್ತು. ಮಗಳ ಫೋನು ರಿಂಗಾಗಿ ನಿಲ್ಲುತ್ತಿತ್ತು. ಬಾಲಚಂದ್ರನದು ಸಿಗಲೇ ಇಲ್ಲ. ಪಂಕಜಾ ಬ್ಯಾಗನ್ನು ಪಕ್ಕದ ಮನೆಯಲ್ಲಿ ಎಸೆದಂತೆ ಇಟ್ಟು ನದಿಯ ಕಡೆ ಓಡಿದಳು. ಘಾಟಿನ ತುಂಬ ಹೆಂಗಸರು, ಬಾಳೆದಿಂಡಿನ ದೋಣಿಗಳು, ಎಣ್ಣೆಬತ್ತಿ. ಅವಳು ಮೆಟ್ಟಿಲು ಮೆಟ್ಟಿಲಿಗೂ ಮುಖಗಳನ್ನು ನೋಡುತ್ತ ನಡೆದಳು. ನೀರಿಗಿಳಿದವರ ಭುಜ ಹಿಡಿದು ತಿರುಗಿಸಿ ನೋಡಿದಳು, ಬೈಸಿಕೊಂಡಳು. ಈಜುಗಾರರ ದೋಣಿಯ ಬಳಿ ಹೋಗಿ, ಇಪ್ಪತ್ತಮೂರು ವರ್ಷದ ಹುಡುಗಿ, ತೆಳ್ಳಗೆ ಇದ್ದಾಳೆ, ಒಬ್ಬಳೇ ಬಂದಿರುತ್ತಾಳೆ ಎಂದಳು. ಏನು ಬಟ್ಟೆ ಎಂದು ಅವರು ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಮಗಳು ಈಗ ಎಂಥ ಬಟ್ಟೆ ಹಾಕುತ್ತಾಳೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಮೂರೂವರೆಗೆ ಬಾಲಚಂದ್ರನ ಫೋನು ಬಂತು. ಬುಧವಾರ ಬುಧವಾರ ಅವಳು ಕೊಂಡಪಲ್ಲಿಗೆ ಹೋಗುತ್ತಾಳೆ, ಆ ಹುಡುಗನ ತಾಯಿ ಜಯಮ್ಮನ ಮನೆಗೆ. ಆರು ತಿಂಗಳಾಯಿತು. ಅಮ್ಮನಿಗೆ ಹೇಳಬೇಡ ಎಂದಿದ್ದಳು, ಹೇಳಲಿಲ್ಲ ಎಂದ.

ಆಟೋದಲ್ಲಿ ಮುಕ್ಕಾಲು ಗಂಟೆ ಹಿಡಿಯಿತು. ಬೊಂಬೆ ಮಾಡುವವರ ಬೀದಿಯಲ್ಲಿ ಜಯಮ್ಮನ ಮನೆ ಎಂದು ಕೇಳಿದ ಕೂಡಲೇ ತೋರಿಸಿದರು. ಬಾಗಿಲು ತೆರೆದಿತ್ತು. ಒಳಗೆ ಚಾಪೆಯ ಮೇಲೆ, ಬಣ್ಣ ಒಣಗುತ್ತಿದ್ದ ಪುಟ್ಟ ಎತ್ತಿನ ಗಾಡಿಗಳ ನಡುವೆ, ಐವತ್ತರ ಹೆಂಗಸೊಬ್ಬಳು ಮೊಣಕಾಲು ತಬ್ಬಿ ಕೂತಿದ್ದಳು. ಎದುರಿಗೆ ತನುಶ್ರೀ ಫೋನು ಹಿಡಿದು ಓದುತ್ತಿದ್ದಳು.

ಪಂಕಜಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ತನುಶ್ರೀ ತಲೆ ಎತ್ತಿ ನೋಡಿದಳು, ಮುಖದಲ್ಲಿ ಏನೂ ಕಾಣಿಸಲಿಲ್ಲ. "ಮಾ ಅಮ್ಮ, ಅತ್ತಮ್ಮಾ," ಇವಳು ನನ್ನಮ್ಮ ಅತ್ತೇ, ಎಂದು ಆ ಹೆಂಗಸಿಗೆ ಹೇಳಿದಳು. ಜಯಮ್ಮ ಎದ್ದು ಬಂದು ಪಂಕಜಾಳ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿ, ಕುಡಿಯಲು ನೀರು ಕೊಟ್ಟಳು. ನಿಮ್ಮ ಹುಡುಗಿ ಪ್ರತಿ ವಾರ ಬಂದು ನನ್ನ ಮಗನ ಕಥೆ ಓದುತ್ತಾಳೆ, ನನಗೆ ಓದು ಬರುವುದಿಲ್ಲ ಎಂದಳು. ಮುದುಕಿ ಯಾರು ಎಂಬುದು ಆಕೆಗೆ ಗೊತ್ತಿಲ್ಲ ಎಂದು ಪಂಕಜಾಗೆ ಆಗ ತಿಳಿಯಿತು. ಆರು ತಿಂಗಳು ಮಗಳು ಅದೊಂದನ್ನು ಹೇಳಿರಲಿಲ್ಲ.

ಇನ್ನೂ ಯಾರಿಗೂ ತೋರಿಸದ ಕೊನೆಯ ಕಂತನ್ನು ತನುಶ್ರೀ ಮುಂದುವರಿಸಿದಳು. ಸರಯು ದೀಪ ಹಿಡಿದು ಮೆಟ್ಟಿಲಿಳಿಯುತ್ತಾಳೆ. ನೀರು ಪಾದಕ್ಕೆ ಬರುತ್ತದೆ, ಮೊಣಕಾಲಿಗೆ ಬರುತ್ತದೆ. ವಂಶಿ ನೋಡುತ್ತಿದ್ದಾನೆ.

"ಆಗು," ನಿಲ್ಲಿಸು, ಎಂದಳು ಜಯಮ್ಮ. ತನುಶ್ರೀ ನಿಲ್ಲಿಸಿದಳು. "ವಾಡು ರಾನಿವ್ವಡು. ಅವಳನ್ನು ಅವನು ಬರಗೊಡುವುದಿಲ್ಲ."

ಅವನು ಮುಟ್ಟುವ ಹಾಗಿಲ್ಲ ಅತ್ತಮ್ಮಾ ಎಂದು ತನುಶ್ರೀ ಮೆಲ್ಲಗೆ ಹೇಳಿದಳು. ಮೊದಲಿನಿಂದಲೂ ಕಥೆಯಲ್ಲಿ ಹಾಗೆಯೇ ಇದೆ, ಇಪ್ಪತ್ತು ವಾರ ಆದ ಮೇಲೆ ಈಗ ಹೇಗೆ ಬದಲಾಯಿಸಲಿ? ಜಯಮ್ಮ ಕೇಳಲಿಲ್ಲ. ಸೂರ್ಯನಿಗೆ ನೀರೆಂದರೆ ಭಯ, ಚಿಕ್ಕವನಿದ್ದಾಗ ತಾನು ಕಾಲುವೆಗೆ ಬಟ್ಟೆ ಒಗೆಯಲು ಹೋದರೂ ಸೀರೆ ಹಿಡಿದು ಎಳೆಯುತ್ತಿದ್ದ, ಈ ಹುಡುಗಿಯನ್ನು ಸುಮ್ಮನೆ ನೋಡುತ್ತ ನಿಲ್ಲುವವನು ತನ್ನ ಮಗನೇ ಅಲ್ಲ ಎಂದಳು. ಇಷ್ಟು ವಾರ ಸರಿಯಾಗಿ ಬರೆದೆ, ಇವತ್ತು ಸುಳ್ಳು ಬರೆದಿದ್ದೀಯ ಎಂದಳು.

ತನುಶ್ರೀ ಫೋನನ್ನು ಚಾಪೆಯ ಮೇಲೆ ಬೋರಲು ಹಾಕಿದಳು.

ಪಂಕಜಾಗೆ ಇನ್ನು ಸುಮ್ಮನಿರಲು ಆಗಲಿಲ್ಲ. ತನಗೆ ಬಂದ ತೆಲುಗಿನಲ್ಲಿ, ತಡವರಿಸುತ್ತ, ಎಲ್ಲವನ್ನೂ ಹೇಳಿದಳು. ಫೋನು ಮಾಡಬೇಡ ಎಂದದ್ದು ತಾನು. ಅವನು ಜ್ವರದಲ್ಲೂ ಆ ಮಾತು ಉಳಿಸಿದ್ದು ತನಗಾಗಿ. "ಆ ಮುದುಕಿ ನಾನೇ, ಅಮ್ಮಾ."

ಜಯಮ್ಮ ಹೊಡೆಯಲಿ ಎಂದು ಪಂಕಜಾ ಕಾಯುತ್ತಿದ್ದಳು. ಬೀದಿಗೆ ನೂಕಿದ್ದರೂ ಅವಳಿಗೆ ಹಗುರವಾಗುತ್ತಿತ್ತು. ಜಯಮ್ಮ ಮುಂದೆ ಸರಿದು ಕೂತು, ಒಣಗಿದ ದನಿಯಲ್ಲಿ ಕೇಳಿದಳು: "ಆವತ್ತು ಅವನು ಯಾವ ಅಂಗಿ ಹಾಕಿದ್ದ?"

ತಿಳಿ ನೀಲಿ ಎಂದಳು ಪಂಕಜಾ. ಬಿಳಿ ಗೆರೆಯ ಚೌಕಳಿ. ತೋಳಿನ ಮೇಲೆ ಇಸ್ತ್ರಿಯ ಮಡಿಕೆ ಇತ್ತು. ಆಮೇಲೆ, ಎಂದಳು ಜಯಮ್ಮ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಗ್ಗಿ ಜೋಡಿಸಿ ಒಳಗೆ ಬಂದ. ಆಮೇಲೆ. ಗೋಡೆಯ ಮೇಲೆ ತನುಶ್ರೀಯ ಹಲ್ಲು ಬಿದ್ದಾಗಿನ ಫೋಟೋ ಇತ್ತು, ಅದನ್ನು ನೋಡಿ ನಕ್ಕ, ನಾನು ನೋಡಿದೆನೆಂದು ನಗು ನುಂಗಿಕೊಂಡ. ಆಮೇಲೆ. ಹೋಗುವ ಮೊದಲು ಬಾಲ್ಕನಿಯ ಬಾಗಿಲು ಗಾಳಿಗೆ ಬಡಿಯುತ್ತಿತ್ತು, ಚಿಲಕದ ಒಂದು ಸ್ಕ್ರೂ ಬಿದ್ದಿದೆ ಆಂಟೀ, ಹಾಕಿಸಿ ಎಂದ. ಹಾಕಿಸಿದಿರಾ, ಎಂದು ಜಯಮ್ಮ ಕೇಳಿದಳು. ಇಲ್ಲ ಎಂದಳು ಪಂಕಜಾ. ಅಷ್ಟು ಹೊತ್ತಿಗೆ ಮೂವರೂ ಅಳುತ್ತಿದ್ದರು. ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ.

ಆರು ಗಂಟೆ ದಾಟಿತು. ಚಾಪೆಯ ಮೇಲಿದ್ದ ಫೋನು ಒಂದೇ ಸಮನೆ ಗುಂಯ್‌ಗುಟ್ಟುತ್ತಿತ್ತು. ತನುಶ್ರೀ ಅದನ್ನು ಆಫ್ ಮಾಡಿದಳು.

ಬಸ್‌ಸ್ಟಾಪಿನವರೆಗೆ ತಾಯಿ ಮಗಳು ನಡೆದು ಬಂದರು. ಅಲ್ಲಿ ತನುಶ್ರೀ ತಾನಾಗಿಯೇ ಹೇಳಿದಳು. "ಮೂರನೇ ಕಾಮೆಂಟಿಗೇ ತಿಳೀತು ನೀನೇ ಅಂತ. ತೆಲುಗಲ್ಲಿ ಕಥ ಅಂತಾರೆ. ನೀನು ಕಥೆ, ಕಥೆ ಅಂತ ಬರೀತಿದ್ದಿ."

"ಗೊತ್ತಿದ್ದೂ ಯಾಕೆ ಉತ್ತರ ಬರೆದೆ?"

ತನುಶ್ರೀ ಬಸ್ಸು ಬರುವ ದಾರಿಯತ್ತ ನೋಡಿದಳು. ಪಂಕಜಾ ಇಷ್ಟು ದಿನ ನಾಲಿಗೆಯ ತುದಿಗೆ ತಂದುಕೊಳ್ಳಲಾರದ ಮಾತನ್ನು ಆಗ ಕೇಳಿದಳು. "ನಿಜವಾಗ್ಲೂ ಹೋಗ್ಬಿಡ್ತಿದ್ದೆಯೇನೆ, ತನೂ?"

"ಗೊತ್ತಿಲ್ಲ," ಎಂದಳು ಮಗಳು. "ಬರೆದು ನೋಡ್ದೆ. ಬರೆದ್ರೆ ತಿಳಿಯುತ್ತೆ ಅಂತ."

ಮರುದಿನ ಬಾಲಚಂದ್ರನೂ ರಜೆ ಹಾಕಿದ. ಮೂವರೂ ಸೇರಿ ಒಬ್ಬ ಮನೋವೈದ್ಯರ ಬಳಿ ಹೋದರು. ತನುಶ್ರೀ ಬೇಡ ಅನ್ನಲಿಲ್ಲ. ಮಾತ್ರೆ ನುಂಗುತ್ತಾಳೆ, ವಾರ ವಾರ ಹೋಗಿ ಬರುತ್ತಾಳೆ. ತಾಯಿಯ ಫೋನು ಈಗ ಎತ್ತುತ್ತಾಳೆ. ಹೂಂ, ಉಹೂಂ ಎಂಬುದರ ಆಚೆ ಮಾತು ಇನ್ನೂ ಬಂದಿಲ್ಲ. ಕಥೆ ಹತ್ತೊಂಬತ್ತನೇ ಕಂತಿಗೇ ನಿಂತಿತು. ಹೇಮಾಕ್ಷಿ ಇಂಥ ಮೋಸ ಮಾಡುವ ಲೇಖಕಿಯರಿಗೆ ಒಂದೇ ನಕ್ಷತ್ರ ಕೊಡಬೇಕು ಎಂದು ಮಧ್ಯಾಹ್ನ ಬೈಯುತ್ತಾಳೆ. ಪಂಕಜಾ ಡಬ್ಬಿ ಮುಚ್ಚಿ ಏಳುತ್ತಾಳೆ. ವಿಜಯವಾಡಕ್ಕೆ ವರ್ಗ ಕೇಳಿ ಅರ್ಜಿ ಹಾಕಿದ್ದಾಳೆ, ಏನೂ ತಿಳಿದಿಲ್ಲ.

ಎರಡನೇ ಮತ್ತು ನಾಲ್ಕನೇ ಶನಿವಾರ ಅವಳು ಕೊಂಡಪಲ್ಲಿಗೆ ಹೋಗುತ್ತಾಳೆ. ತನುಶ್ರೀಯೂ ಬಂದಿರುತ್ತಾಳೆ, ಗಾಡಿಗಳ ಗಾಲಿಗೆ ಬಣ್ಣ ಹಚ್ಚುತ್ತ ಒಂದು ಮೂಲೆಯಲ್ಲಿ ಕೂತಿರುತ್ತಾಳೆ. ಜಯಮ್ಮ ಪ್ರತಿ ಸಲವೂ ಅದೇ ಭಾನುವಾರವನ್ನು ಕೇಳುತ್ತಾಳೆ. ಅದು ಒಟ್ಟು ನಲವತ್ತು ನಿಮಿಷದ ಭೇಟಿ. ಹೇಳುವುದೆಲ್ಲ ಮೂರನೆಯ ಸಲಕ್ಕೇ ಮುಗಿದುಹೋಗಿತ್ತು. ಆದರೂ ಆಕೆ ಆಮೇಲೆ, ಆಮೇಲೆ ಎನ್ನುತ್ತಿದ್ದಳು. ತಡೆಯಲಾರದೆ ಕಳೆದ ಶನಿವಾರ ಪಂಕಜಾ ಒಂದನ್ನು ಕಟ್ಟಿ ಹೇಳಿದಳು. ನಮ್ಮಮ್ಮನ ಕೈಯ ಗೋಂಗೂರ ಪಚ್ಚಡಿ ನೀವು ಒಮ್ಮೆ ತಿನ್ನಬೇಕು ಆಂಟೀ ಎಂದು ಅವನು ಹೇಳಿದ್ದ ಎಂದಳು.

ಜಯಮ್ಮ ತಲೆ ಅಲ್ಲಾಡಿಸಿದಳು. ಅವನು ಹಾಗೆ ಅನ್ನುವವನಲ್ಲ, ಮನೆಯ ಊಟದ ಮಾತು ಹೊರಗೆ ಆಡಿದವನೇ ಅಲ್ಲ ಎಂದಳು. ಕೋಪವೇನೂ ಇರಲಿಲ್ಲ. "ನಿಜವಾದದ್ದನ್ನೇ ಹೇಳು. ಮೊದಲಿನಿಂದ ಹೇಳು."

ಮೂಲೆಯಲ್ಲಿ ಕುಂಚದ ಸದ್ದು ನಿಂತಿತ್ತು. ಪಂಕಜಾ ಮಗಳ ಕಡೆ ನೋಡಲಿಲ್ಲ. ಬೆಳಿಗ್ಗೆ ಹತ್ತೂವರೆಗೆ ಬೆಲ್ಲಾಯಿತು, ನಾನೇ ಹೋಗಿ ಬಾಗಿಲು ತೆಗೆದೆ ಎಂದು ಮತ್ತೆ ಶುರುಮಾಡಿದಳು.